ಜೀಪಿನ ಸಣ್ಣ ಗೇರು ಮತ್ತು 1940ರ ಒಂದು ಟೆಂಡರು

ಹೊಸ ಫೋರ್ ವೀಲ್ ಡ್ರೈವ್ ಗಾಡಿ ತೆಗೆದುಕೊಂಡು ಐದು ತಿಂಗಳಾಯಿತು. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ಹೊಗಳಲು, ಇನ್ನರ್ಧ ಜನ ಬೈಯಲು ಶುರು ಮಾಡುತ್ತೀರಿ, ನಾನು ಹೇಳಬೇಕಾದ ವಿಷಯ ಅಲ್ಲೇ ಉಳಿದುಬಿಡುತ್ತದೆ :)

ನಮ್ಮ ಆಫೀಸಿನಲ್ಲಿ ಇಂಥ ಗಾಡಿ ಇರುವವರು ಮೂವರು. ಮೂವರದೂ ಬೇರೆ ಬೇರೆ ಮಾಡೆಲ್ಲು. ಆದರೆ ಊಟದ ಹೊತ್ತಿನಲ್ಲಿ ಹೇಳಿಕೊಳ್ಳುವ ದೂರು ಮಾತ್ರ ಒಂದೇ. ಫೋರ್ ವೀಲ್ ಹಾಕಿ ತಿರುಗಿಸಿದರೆ ಗಾಡಿ ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ ಜಗ್ಗುತ್ತದೆ. ಸಣ್ಣ ಗೇರು ಒಂದೊಂದು ಸಲ ಬೀಳುವುದೇ ಇಲ್ಲ, ಬಿದ್ದರೆ ಬಿಡಿಸಲು ಬರುವುದಿಲ್ಲ. ಲೈಟು ಮಿನುಗುತ್ತಲೇ ಇರುತ್ತದೆ. ಚಕ್ರದ ಹತ್ತಿರ ಗರಗರ ಸದ್ದು. ಕೀ ತೆಗೆದ ಮೇಲೂ ಫ್ಯಾನು ಓಡುತ್ತದೆ. ಸರ್ವಿಸ್ ಸೆಂಟರಿಗೆ ಹೋದರೆ ಎಲ್ಲರಿಗೂ ಸಿಗುವ ಉತ್ತರ, "ಎಲ್ಲಾ ಗಾಡೀಲೂ ಹಂಗೇ ಸಾರ್."

ತಮಾಷೆ ಎಂದರೆ ಆ ಉತ್ತರ ನಿಜ. ಎಲ್ಲಾ ಗಾಡಿಯಲ್ಲೂ ಹಾಗೇ. ಆದರೆ ಯಾಕೆ ಹಾಗೆ ಅಂತ ಯಾರೂ ಹೇಳುವುದಿಲ್ಲ. ಕೋಡ್ ಬರೆದು ಬದುಕುವವನಿಗೆ "ಇಟ್ ಈಸ್ ಎ ಫೀಚರ್" ಎಂಬ ಮಾತು ಕೇಳಿದರೆ ಸಹಜವಾಗಿಯೇ ಅನುಮಾನ. ನನಗೆ ಕುತೂಹಲಕ್ಕಿಂತ ದೊಡ್ಡ ಕಾರಣವೂ ಒಂದಿತ್ತು. ನಮ್ಮ ಮನೆ ಇರುವುದು ಹೊಸನಗರದ ಕಡೆ. ಟಾರು ರಸ್ತೆ ಬಿಟ್ಟು ಕೊನೆಯ ಮೂರು ಕಿಲೋಮೀಟರು ಕೆಂಪು ಮಣ್ಣು, ನಡುವೆ ಒಂದು ಹಳ್ಳ. ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಊರಿನಲ್ಲೇ ಇರುತ್ತದೆ. ಒಂದು ರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಸಾಗಿಸಬೇಕಾಗಿ ಬಂದರೆ ಆಗ ಸ್ಟೀರಿಂಗ್ ಹಿಡಿಯುವವನು ನಾನಲ್ಲ, ಪಕ್ಕದ ಮನೆಯ ಹುಡುಗ. ಯಾವ ಸದ್ದು ಗಾಡಿಯ ರೋಗ, ಯಾವ ಸದ್ದು ಗಾಡಿಯ ಸ್ವಭಾವ ಅಂತ ಅವನಿಗೆ ಮೊದಲೇ ಗೊತ್ತಿರಬೇಕು. ಅವನಿಗೆ ಹೇಳಿಕೊಡುವುದಕ್ಕೆ ನಾನು ಮೊದಲು ತಿಳಿದುಕೊಳ್ಳಬೇಕಿತ್ತು. ಕೆದಕುತ್ತಾ ಹೋದರೆ ಅರ್ಧಕ್ಕರ್ಧ ದೂರುಗಳ ಬೇರು ಹೋಗಿ ನಿಂತಿದ್ದು 1940ರ ಜುಲೈ ತಿಂಗಳಲ್ಲಿ!

ಆಗ ಯುರೋಪಿನಲ್ಲಿ ಯುದ್ಧ. ಫ್ರಾನ್ಸ್ ಬಿದ್ದಾಗಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ, ಆದರೆ ಅದರ ಸೈನ್ಯಕ್ಕೆ ಕುದುರೆ ಮತ್ತು ಸೈಡ್‌ಕಾರ್ ಮೋಟಾರ್‌ಸೈಕಲ್ಲುಗಳ ಬದಲಿಗೆ ಒಂದು ಸಣ್ಣ ಗಾಡಿ ಬೇಕಿತ್ತು. 135 ಕಂಪನಿಗಳಿಗೆ ಆಹ್ವಾನ ಹೋಯಿತು. ಷರತ್ತುಗಳನ್ನು ಓದಿದರೆ ನಮ್ಮ ಕ್ಲೈಂಟುಗಳೇ ವಾಸಿ ಅನ್ನಿಸುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗಬೇಕು, ಮೂವರು ಕೂರಬೇಕು, ಮೆಷಿನ್ ಗನ್ ಹೊರಬೇಕು, ತೂಕ ಮಾತ್ರ 1,300 ಪೌಂಡ್, ಅಂದರೆ 590 ಕೆಜಿ ಮೀರಬಾರದು. ಮೊದಲ ಗಾಡಿ 49 ದಿನದಲ್ಲಿ ಕೈಗೆ ಬರಬೇಕು, ಒಟ್ಟು 70 ಗಾಡಿ 75 ದಿನದಲ್ಲಿ. ಆಹ್ವಾನ ಪಡೆದ 135ರಲ್ಲಿ ಗಂಭೀರವಾಗಿ ಉತ್ತರಿಸಿದ್ದು ಎರಡೇ, ಬ್ಯಾಂಟಮ್ ಮತ್ತು ವಿಲ್ಲಿಸ್. ಎರಡೂ ಆಗ ದಿವಾಳಿಯ ಅಂಚಿನಲ್ಲಿ ತೂಗಾಡುತ್ತಿದ್ದವು. ಹೊಟ್ಟೆ ತುಂಬಿದವರು ಯಾರು ಇಂಥ ಡೆಡ್‌ಲೈನ್ ಒಪ್ಪುತ್ತಾರೆ ಹೇಳಿ!

ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಕಂಪನಿಯಲ್ಲಿ ಡಿಸೈನ್ ಮಾಡುವ ಎಂಜಿನಿಯರುಗಳೇ ಉಳಿದಿರಲಿಲ್ಲ. ಡೆಟ್ರಾಯಿಟ್‌ನಿಂದ ಕಾರ್ಲ್ ಪ್ರಾಬ್ಸ್ಟ್ ಎಂಬ ಫ್ರೀಲಾನ್ಸ್ ಎಂಜಿನಿಯರನ್ನು ಕರೆಸಿದರು. ಟೆಂಡರು ಸಿಕ್ಕರೆ ಮಾತ್ರ ಸಂಬಳ. ಆತ ಜುಲೈ 17ರಂದು ಕೂತು ಎರಡು ದಿನದಲ್ಲಿ ಗಾಡಿಯ ನಕ್ಷೆ ಮುಗಿಸಿದ. 1,300 ಪೌಂಡಿನಲ್ಲಿ ಇದು ಆಗುವ ಕೆಲಸವಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಆದರೂ ಟೆಂಡರಿನಲ್ಲಿ ಆ ಮಿತಿಯೊಳಗಿನ ತೂಕವನ್ನೇ ಬರೆದು ಕೊಟ್ಟರು. (ಎಸ್ಟಿಮೇಟ್ ಎಂಬ ಕಲೆ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ.) ಸೆಪ್ಟೆಂಬರ್ 23, ಕೊನೆಯ ದಿನ, ಸಂಜೆ ಐದು ಗಂಟೆಗೆ ಗಡುವು. ಗಾಡಿಯನ್ನು ಲಾರಿಯಲ್ಲಿ ಹಾಕಿ ಕಳಿಸುವಷ್ಟೂ ಸಮಯವಿಲ್ಲದೆ ಪ್ರಾಬ್ಸ್ಟ್ ತಾನೇ ಓಡಿಸಿಕೊಂಡು ಮೇರಿಲ್ಯಾಂಡಿನ ಕ್ಯಾಂಪ್ ಹೊಲಾಬರ್ಡ್‌ಗೆ ಹೋಗಿ ಅರ್ಧ ಗಂಟೆ ಮೊದಲು ತಲುಪಿಸಿದ. ತೂಕ 1,800 ಪೌಂಡ್ ದಾಟಿತ್ತು. ಸೈನ್ಯದವರು ಓಡಿಸಿ ನೋಡಿ ಗಾಡಿಯನ್ನು ಇಟ್ಟುಕೊಂಡರು, ಮುಂದೆ ತೂಕದ ಷರತ್ತನ್ನೇ ಬದಲಾಯಿಸಿದರು.

ಆಮೇಲಿನ ಕಥೆ ಬ್ಯಾಂಟಮ್ ಪಾಲಿಗೆ ಅಷ್ಟು ಚೆನ್ನಾಗಿಲ್ಲ. ಸಣ್ಣ ಕಂಪನಿ, ಸಾವಿರಗಟ್ಟಲೆ ಗಾಡಿ ಮಾಡುವ ತಾಕತ್ತು ಇದಕ್ಕೆಲ್ಲಿ ಅಂತ ಸೈನ್ಯಕ್ಕೆ ಅನುಮಾನ. ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಬ್ಯಾಂಟಮ್ ಗಾಡಿಯನ್ನು ನೋಡಲು ಬಿಟ್ಟರು. ವಿಲ್ಲಿಸ್‌ನ ಬಾರ್ನಿ ರೂಸ್ ಎಂಬ ಎಂಜಿನಿಯರ್ ತಯಾರು ಮಾಡಿದ್ದ 60 ಹಾರ್ಸ್‌ಪವರಿನ 'ಗೋ ಡೆವಿಲ್' ಎಂಜಿನ್ ಉಳಿದೆರಡನ್ನೂ ಹಿಂದೆ ಹಾಕಿತು. 1941ರಲ್ಲಿ ಆರ್ಡರು ವಿಲ್ಲಿಸ್‌ಗೆ ಹೋಯಿತು, ಅದೇ ನಕ್ಷೆಯ ಮೇಲೆ ಫೋರ್ಡ್ ಕೂಡಾ ಮಾಡಿಕೊಟ್ಟಿತು. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಜೀಪನ್ನು ಮೊದಲು ಮಾಡಿದ ಬ್ಯಾಂಟಮ್ ಮಾಡಿದ್ದು ಮೂರು ಸಾವಿರ ಕೂಡಾ ಇಲ್ಲ. ಅದಕ್ಕೆ ಸಿಕ್ಕ ಕೆಲಸ ಆ ಜೀಪುಗಳ ಹಿಂದೆ ಕಟ್ಟುವ ಟ್ರೈಲರ್ ತಯಾರಿಕೆ. ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ವಿವರಿಸುವಂಥದ್ದೇನೂ ಇಲ್ಲ.

ಇರಲಿ. ನನ್ನ ಗಾಡಿಗೂ ಇದಕ್ಕೂ ಏನು ಸಂಬಂಧ? 49 ದಿನದಲ್ಲಿ ಗಾಡಿ ಮಾಡಬೇಕಾದವನು ಹೊಸದಾಗಿ ಆಕ್ಸಲ್ ಕಂಡುಹಿಡಿಯುತ್ತಾ ಕೂರುವುದಿಲ್ಲ. ಪ್ರಾಬ್ಸ್ಟ್ ಸ್ಪೈಸರ್ ಕಂಪನಿಯನ್ನು ಹಿಡಿದ. ಅವರು ಸ್ಟೂಡಿಬೇಕರ್ ಕಾರಿನ ಆಕ್ಸಲ್ಲುಗಳನ್ನೇ ತಿದ್ದಿ ಕೊಟ್ಟರು. ಗೇರ್‌ಬಾಕ್ಸಿನ ಹಿಂದೆ ಒಂದು ಪುಟ್ಟ ಪೆಟ್ಟಿಗೆ, ಅದೇ ಟ್ರಾನ್ಸ್‌ಫರ್ ಕೇಸ್. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಆಕ್ಸಲ್ಲಿಗೆ ಯಾವಾಗಲೂ ಕೊಡುತ್ತದೆ, ಮುಂದಿನ ಆಕ್ಸಲ್ಲಿಗೆ ನಾವು ಕಡ್ಡಿ ಎಳೆದರೆ ಮಾತ್ರ ಕೊಡುತ್ತದೆ. ಎಳೆದಾಗ ಮುಂದಿನ ಶಾಫ್ಟು ಮತ್ತು ಹಿಂದಿನ ಶಾಫ್ಟು ಒಂದಕ್ಕೊಂದು ಬೀಗ ಹಾಕಿದ ಹಾಗೆ ಕೂಡಿಕೊಳ್ಳುತ್ತವೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಹಗುರ, ಅಗ್ಗ, ಕೆಸರಿನಲ್ಲಿ ಗಟ್ಟಿಮುಟ್ಟು. ಎಂಬತ್ತು ವರ್ಷ ದಾಟಿದರೂ ನಮ್ಮಲ್ಲಿ ಮಾರಾಟವಾಗುವ ಇಂಥ ಗಾಡಿಗಳಲ್ಲಿ ಬಹುಪಾಲಿಗೆ ಇದೇ ಏರ್ಪಾಡು. ಇದಕ್ಕೆ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಅಂತ ಹೆಸರು.

ಜಗ್ಗಾಟದ ಮೂಲ ಇಲ್ಲಿದೆ. ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನ ಚಕ್ರಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಎಷ್ಟು ದೊಡ್ಡದು? ಹತ್ತನೇ ಕ್ಲಾಸಿನ ಪೈಥಾಗೊರಸ್ ಸಾಕು. ಎರಡು ಆಕ್ಸಲ್ ನಡುವಿನ ಅಂತರ 2.45 ಮೀಟರ್ ಅಂದುಕೊಳ್ಳಿ, ಹಿಂದಿನ ಆಕ್ಸಲ್ಲಿನ ಮಧ್ಯಭಾಗ 5 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತಿದೆ ಅಂದುಕೊಳ್ಳಿ. ಆಗ ಮುಂದಿನ ಆಕ್ಸಲ್ಲಿನ ತ್ರಿಜ್ಯ ಸುಮಾರು 5.57 ಮೀಟರ್. ಒಂದು ಪೂರ್ತಿ ಸುತ್ತಿಗೆ ಹಿಂದಿನದು 31.4 ಮೀಟರ್ ಓಡಿದರೆ ಮುಂದಿನದು 35 ಮೀಟರ್ ಓಡಬೇಕು. ಮೂರೂವರೆ ಮೀಟರು ವ್ಯತ್ಯಾಸ, ಅಂದರೆ ಚಕ್ರದ ಒಂದು ಸುತ್ತಿಗಿಂತಲೂ ಹೆಚ್ಚು. ಆದರೆ ಎರಡೂ ಶಾಫ್ಟಿಗೆ ಬೀಗ ಬಿದ್ದಿದೆ, ಒಂದೇ ವೇಗ. ಉಳಿದ ಮೂರೂವರೆ ಮೀಟರು ಎಲ್ಲಿಗೆ ಹೋಗಬೇಕು? ಕೆಸರಿದ್ದರೆ ಯಾವುದೋ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನಲ್ಲಿ ಟೈರು ಜಾರುವುದಿಲ್ಲ. ಶಾಫ್ಟು, ಗೇರಿನ ಹಲ್ಲು, ಜಾಯಿಂಟು ಎಲ್ಲವೂ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತವೆ. ಆಗಲೇ ಜಗ್ಗಾಟ, ಆಗಲೇ ಕಟಕಟ. ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುವುದರಿಂದ ಕಡ್ಡಿಯನ್ನು ಎಷ್ಟು ಎಳೆದರೂ ಫೋರ್ ವೀಲ್ ಬಿಡುವುದಿಲ್ಲ.

ನಮ್ಮೂರ ಪೇಟೆಯಲ್ಲಿ ಹಳೆಯ ಜೀಪ್ ಮೆಕ್ಯಾನಿಕ್ ಒಬ್ಬರಿದ್ದಾರೆ, ಸಾಬರು. ನಾನು ಚಡ್ಡಿ ಹಾಕುವ ಕಾಲದಿಂದ ನೋಡಿದವರು. ಪಕ್ಕದ ಮನೆ ಹುಡುಗ ಮಣ್ಣು ರಸ್ತೆಯಿಂದ ಟಾರಿಗೆ ಹತ್ತಿ ಹಾಗೇ ಫೋರ್ ವೀಲಿನಲ್ಲೇ ಅವರ ಗ್ಯಾರೇಜಿನ ಮುಂದೆ ತಿರುಗಿಸಿದ. ಗಾಡಿ ಮೊಂಡು ಹಿಡಿದು ನಿಂತಿತು. ಸಾಬರು ಪಾನ ಕೂಡಾ ಎತ್ತಲಿಲ್ಲ, ಕುರ್ಚಿಯಲ್ಲಿ ಕೂತೇ ಹೇಳಿದರು. "ಎಂತದೂ ಆಗಿಲ್ಲ ಮಾರಾಯ. ಗಾಡಿಗೆ ಹೊಟ್ಟೆ ನುಲೀತಾ ಇದೆ. ಸ್ಟೀರಿಂಗ್ ನೆಟ್ಟಗೆ ಮಾಡಿ ನಾಲ್ಕು ಮಾರು ಹಿಂದೆ ತಗೋ." ಹಿಂದೆ ತೆಗೆದುಕೊಂಡದ್ದೇ ತಡ, ಟಕ್ ಅಂತ ಕಡ್ಡಿ ಕೆಳಗೆ ಬಂತು. ನಾನು ಪೈಥಾಗೊರಸ್ ಹಿಡಿದು ಹೇಳಿದ್ದನ್ನು ಅವರು ಎರಡೇ ಪದದಲ್ಲಿ ಮುಗಿಸಿದ್ದರು. ಹಿಂದಕ್ಕೆ ಹೋದಾಗ ತಿರುಚು ಬಿಚ್ಚಿಕೊಳ್ಳುತ್ತದೆ, ಹಲ್ಲು ಸಡಿಲವಾಗುತ್ತದೆ, ಅಷ್ಟೇ.

ಯುದ್ಧಕಾಲದ ವಿಲ್ಲಿಸ್ ಜೀಪಿನ ಡ್ಯಾಶ್‌ಬೋರ್ಡಿಗೆ ತಗಡಿನ ಫಲಕಗಳನ್ನು ಹೊಡೆದಿರುತ್ತಿದ್ದರು. ಯಾವ ಕಡ್ಡಿ ಎಲ್ಲಿ, ಯಾವ ಗೇರಿನಲ್ಲಿ ಎಷ್ಟು ವೇಗ ಮೀರಬಾರದು ಎಂಬುದರ ಜೊತೆಗೆ ಒಣ, ಗಟ್ಟಿ ರಸ್ತೆಯಲ್ಲಿ ಮುಂದಿನ ಡ್ರೈವ್ ಬಿಡಿಸಬೇಕು ಅಂತಲೂ ಅದರಲ್ಲಿತ್ತು. ಹದಿನೆಂಟು ವರ್ಷದ ಸೈನಿಕನಿಗೆ ಕಣ್ಣೆದುರೇ ಇರುತ್ತಿದ್ದ ಮಾತು ಈಗ ದಪ್ಪ ಮ್ಯಾನ್ಯುಯಲ್ಲಿನ ಯಾವುದೋ ಪುಟದಲ್ಲಿದೆ. ಎರಡು ಶಾಫ್ಟಿನ ನಡುವೆ ಇನ್ನೊಂದು ಡಿಫರೆನ್ಷಿಯಲ್ ಇಟ್ಟರೆ ಈ ತೊಂದರೆಯೇ ಇಲ್ಲ. 1970ರ ರೇಂಜ್ ರೋವರ್ ಹಾಗೆ ಮಾಡಿತು, ಅದರಲ್ಲಿ ಯಾವಾಗಲೂ ನಾಲ್ಕೂ ಚಕ್ರಕ್ಕೆ ಶಕ್ತಿ. ಆದರೆ ಅದಕ್ಕೆ ದುಡ್ಡು ಬೇಕು, ತೂಕ ಬೇಕು.

ಇನ್ನು ಆ ಕಡ್ಡಿಯ ಮೇಲೆ ಬರೆದಿರುವ ಅಕ್ಷರಗಳು. ಟೂ-ಎಚ್, ಫೋರ್-ಎಚ್, ಎನ್, ಫೋರ್-ಎಲ್. ವಿಲ್ಲಿಸ್‌ನಲ್ಲಿ ಇದಕ್ಕೆ ಎರಡು ಕಡ್ಡಿ ಇದ್ದವು, ಒಂದು ಮುಂದಿನ ಆಕ್ಸಲ್ಲಿಗೆ, ಇನ್ನೊಂದು ಹೈ-ಲೋ ಗೆ. ಮುಖ್ಯ ಗೇರು ಸೇರಿ ಒಟ್ಟು ಮೂರು. ಲೋ ಹಾಕಿದರೆ ವೇಗ ಸುಮಾರು ಅರ್ಧ, ಎಳೆಯುವ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಯುದ್ಧ ಮುಗಿದ ಮೇಲೆ ರೈತರಿಗೆ ಅಂತ ಬಂದ ಸಿಜೆ-2ಎ ಜೀಪಿನಲ್ಲಿ ಅದನ್ನು ಸುಮಾರು ಎರಡೂವರೆ ಪಟ್ಟಿಗೆ ಏರಿಸಿದರು, ಯಾಕೆಂದರೆ ಅದು ನೇಗಿಲು ಎಳೆಯಬೇಕಿತ್ತು. ಹೌದು, 1945ರಲ್ಲಿ ವಿಲ್ಲಿಸ್ ಜೀಪನ್ನು ಅರ್ಧ ಟ್ರ್ಯಾಕ್ಟರು ಅಂತಲೇ ಮಾರಿತು. ಹಿಂದುಗಡೆ ಪಿಟಿಒ ಶಾಫ್ಟ್ ಜೋಡಿಸಿ ಗರಗಸ, ಪಂಪು ಓಡಿಸಬಹುದಿತ್ತು. ಗಾಡಿ ನಿಂತಲ್ಲೇ ನಿಂತು ಎಂಜಿನ್ ಮಾತ್ರ ದುಡಿಯಬೇಕಾದರೆ ಟ್ರಾನ್ಸ್‌ಫರ್ ಕೇಸಿನಲ್ಲಿ ನ್ಯೂಟ್ರಲ್ ಬೇಕೇ ಬೇಕು. ಇವತ್ತು ನಮ್ಮ ಗಾಡಿಯಲ್ಲಿ ಪಿಟಿಒ ಇಲ್ಲ, ಗರಗಸವಿಲ್ಲ, ಎನ್ ಮಾತ್ರ ಉಳಿದುಕೊಂಡಿದೆ. ಕೆಟ್ಟ ಗಾಡಿಯನ್ನು ಎಳೆದುಕೊಂಡು ಹೋಗುವಾಗ ಉಪಯೋಗಕ್ಕೆ ಬರುತ್ತದೆ, ಅಷ್ಟು ಬಿಟ್ಟರೆ ಇದರಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ದಯವಿಟ್ಟು ಗಮನವಿಟ್ಟು ಓದಿ: ಸಣ್ಣ ಕಡ್ಡಿ ಎನ್‌ನಲ್ಲಿದ್ದರೆ ಮುಖ್ಯ ಗೇರನ್ನು ಒಂದನೆಯದಕ್ಕೆ ಹಾಕಿ ನಿಲ್ಲಿಸಿದರೂ ಪ್ರಯೋಜನವಿಲ್ಲ. ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಕಡಿದಿದೆ. ಹ್ಯಾಂಡ್‌ಬ್ರೇಕ್ ಒಂದೇ ಗತಿ. ಮಲೆನಾಡಿನಲ್ಲಿ ಸಮತಟ್ಟಾದ ಅಂಗಳ ಯಾರ ಮನೆಯಲ್ಲಿದೆ? ನಮ್ಮ ಅಂಗಳದ ಆಚೆ ತೋಟ, ತೋಟದ ಕೆಳಗೆ ಹಳ್ಳ. ನಾನು ಹುಡುಗನಿಗೆ ಹೇಳಿದ ಮೊದಲ ಪಾಠ ಇದೇ. ಅಪ್ಪ ಕೇಳಿಸಿಕೊಂಡು ಮಾತಾಡಲಿಲ್ಲ, ಮಾರನೇ ದಿನ ನೋಡಿದರೆ ಅಡಿಕೆ ಮರದ ತುಂಡಿನಿಂದ ಚಕ್ರಕ್ಕೆ ಕೊಡುವ ಎರಡು ಅಡ್ಡೆ ಮಾಡಿಟ್ಟಿದ್ದರು.

ಸಣ್ಣ ಗೇರು ಬೀಳುವುದಿಲ್ಲ ಎಂಬ ದೂರಿಗೂ ಇಷ್ಟೇ ಸರಳ ಉತ್ತರ. ಮುಖ್ಯ ಗೇರ್‌ಬಾಕ್ಸಿನಲ್ಲಿ ಸಿಂಕ್ರೊ ಎಂಬ ಮಧ್ಯಸ್ಥಗಾರ ಇದ್ದು ಎರಡು ಗೇರಿನ ವೇಗ ಹೊಂದಿಸಿಕೊಡುತ್ತಾನೆ. ಟ್ರಾನ್ಸ್‌ಫರ್ ಕೇಸಿನ ಲೋ ಗೆ ಸಾಮಾನ್ಯವಾಗಿ ಅಂಥವನಿಲ್ಲ. ಹಲ್ಲಿಗೆ ಹಲ್ಲು ಎದುರಾದರೆ ಬೀಳುವುದಿಲ್ಲ. ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಮುಖ್ಯ ಗೇರು ನ್ಯೂಟ್ರಲ್ಲಿಗೆ ತಂದು ಎಳೆಯಬೇಕು. ಆದರೂ ಬೀಳದಿದ್ದರೆ ಗಾಡಿಯನ್ನು ಒಂದಡಿ ಉರುಳಲು ಬಿಟ್ಟು ಮತ್ತೆ ಎಳೆಯಬೇಕು. ಜೋರು ಮಾಡಬಾರದು. ಲೈಟು ಮಿನುಗುವುದೂ ಬಹುತೇಕ ಅದೇ ಕಾರಣಕ್ಕೆ, ಕಡ್ಡಿ ಬಂದಿದೆ ಆದರೆ ಒಳಗೆ ಹಲ್ಲು ಇನ್ನೂ ಕೂತಿಲ್ಲ ಅಂತ ಅರ್ಥ. ನಾಲ್ಕು ಮೀಟರ್ ನೆಟ್ಟಗೆ ಓಡಿಸಿದರೆ ಮಿನುಗುವುದು ನಿಲ್ಲುತ್ತದೆ. ಆಮೇಲೂ ಮಿನುಗುತ್ತಿದ್ದರೆ ಮಾತ್ರ ಗ್ಯಾರೇಜು.

ಅಂದ ಹಾಗೆ, ಇದೆಲ್ಲಾ ನಮ್ಮೂರಿನವರೆಗೆ ಬಂದದ್ದು ಹೇಗೆ? ಯುದ್ಧ ಮುಗಿದಾಗ ಸೈನ್ಯ ಬಿಟ್ಟುಹೋದ ಜೀಪುಗಳು ಹರಾಜಿಗೆ ಬಂದವು. ಆ ಕಾಲದವರ ಬಾಯಲ್ಲಿ 'ಡಿಸ್ಪೋಸಲ್ ಜೀಪು' ಎಂಬ ಮಾತು ಕೇಳಿರುತ್ತೀರಿ. 1945ರ ಅಕ್ಟೋಬರ್ 2ರಂದು ಕೆ.ಸಿ. ಮಹೀಂದ್ರ, ಜೆ.ಸಿ. ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮಹಮ್ಮದ್ ಸೇರಿ ಮಹೀಂದ್ರ ಅಂಡ್ ಮಹಮ್ಮದ್ ಎಂಬ ಕಂಪನಿ ಶುರು ಮಾಡಿದರು, ಉಕ್ಕಿನ ವ್ಯಾಪಾರಕ್ಕೆ. ದೇಶ ಎರಡಾಯಿತು. ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ 1951ರಲ್ಲಿ ಗವರ್ನರ್ ಜನರಲ್ ಕೂಡಾ ಆದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. (ಎರಡನೇ 'ಎಂ' ಹಾಗೇ ಉಳಿಯಿತು ನೋಡಿ, ಲೆಟರ್‌ಹೆಡ್ ಬದಲಾಯಿಸುವ ಖರ್ಚು ಉಳಿದಿರಬೇಕು!) ವಿಲ್ಲಿಸ್‌ನಿಂದ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ಜೀಪು ಜೋಡಿಸುವುದರಿಂದ ಶುರುವಾದದ್ದು ನಿಧಾನವಾಗಿ ಇಲ್ಲೇ ತಯಾರಿಸುವವರೆಗೆ ಬಂತು.

ನಮ್ಮ ಕಣ್ಣಿಗೆ ಜೀಪು ಎಂದರೆ ಕಾಣುವ ಆ ಎತ್ತರದ ಬಾನೆಟ್ಟಿನ ಮುಖ ಸಿಜೆ-3ಬಿ ಮಾದರಿಯದ್ದು. 1953ರಲ್ಲಿ ವಿಲ್ಲಿಸ್ ಹೊಸ ಎಂಜಿನ್ ಹಾಕಲು ಹೋದಾಗ ಅದು ಹಳೆಯ ಬಾನೆಟ್ಟಿನೊಳಗೆ ಕೂರಲಿಲ್ಲ, ಬಾನೆಟ್ಟನ್ನೇ ಎತ್ತರಿಸಿಬಿಟ್ಟರು. ಅಮೆರಿಕದಲ್ಲಿ 1968ಕ್ಕೆ ಅದು ನಿಂತುಹೋಯಿತು, ನಮ್ಮಲ್ಲಿ ಆಮೇಲೂ ದಶಕಗಳ ಕಾಲ ನಡೆಯಿತು. ಎಂಬತ್ತರ ದಶಕದಲ್ಲಿ ಪೂಜೋ ಕಂಪನಿಯ 2.1 ಲೀಟರ್ ಡೀಸೆಲ್ ಎಂಜಿನ್ ಬಂದ ಮೇಲಂತೂ ಘಟ್ಟದ ಮೇಲೆ ಜೀಪಿನದೇ ರಾಜ್ಯ. 1985ರಲ್ಲಿ ಮಾರುತಿ ಜಿಪ್ಸಿ ಬಂತು, ಪೆಟ್ರೋಲ್ ಗಾಡಿ, ಹಗುರ. ಪೊಲೀಸರು, ಸೈನ್ಯ, ರ‍್ಯಾಲಿಯವರಿಗೆ ಅದು ಪ್ರಿಯವಾಯಿತು. ತೋಟದ ಗೊಬ್ಬರ, ಕೂಲಿಯಾಳು, ಹೆರಿಗೆಯ ಹೆಂಗಸರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಡೀಸೆಲ್ ಜೀಪೇ. ನಮ್ಮ ಕೇರಿಯಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ನನ್ನ ವಾರಗೆಯವರೆಲ್ಲ ಹುಟ್ಟುವ ಮೊದಲೇ ಜೀಪು ಹತ್ತಿದವರು.

ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪಿನಲ್ಲಿ ಹೋದವರು ಆ ಚಾಲಕರ ಕೈಕಾಲನ್ನು ಗಮನಿಸಿದ್ದೀರಾ? ಗಮನಿಸಿರಲಿಕ್ಕಿಲ್ಲ, ಕಣ್ಣು ಮುಚ್ಚಿ ಮೂಕಾಂಬಿಕೆಯನ್ನು ನೆನೆಯುತ್ತಿರುತ್ತೀರಿ. 1,343 ಮೀಟರ್ ಎತ್ತರದ ಬೆಟ್ಟದಿಂದ ಇಳಿಯುವಾಗ ಆತ ಬ್ರೇಕಿನ ಮೇಲೆ ಕಾಲಿಡುವುದೇ ಅಪರೂಪ. ಲೋ ಹಾಕಿ, ಒಂದನೇ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಕೆಸರಿನಲ್ಲಿ ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಹೊಸ ಗಾಡಿಗಳಲ್ಲಿ ಇದಕ್ಕೊಂದು ಬಟನ್ ಬಂದಿದೆ, ಬೆಟ್ಟ ಇಳಿಸುವ ಬಟನ್. ಒಳ್ಳೆಯದೇ. ಆದರೆ ಮೊದಲು ಲೋ ಹಾಕುವುದನ್ನು ಕಲಿಯಿರಿ ಅನ್ನುವುದು ನನ್ನ ಮಾತು.

ಮುಂದೆ ಬರುವುದು ಒಂದು ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಾ ಗಾಡಿ ಮಾತ್ರ ನಿಂತಲ್ಲೇ ನಿಲ್ಲುವ ಅವಸ್ಥೆ. "ಫೋರ್ ವೀಲ್ ಅಂದ್ರಲ್ಲಾ, ಮತ್ತೆ?" ಅಂತ ಎಲ್ಲರೂ ಕೇಳುತ್ತಾರೆ. ಆಕ್ಸಲ್ಲಿನ ಮಧ್ಯೆ ಇರುವ ಡಿಫರೆನ್ಷಿಯಲ್ ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ. ಫ್ರಾನ್ಸಿನ ಪೆಕ್ಯೂರ್ ಎಂಬಾತ 1820ರ ದಶಕದಲ್ಲೇ ಉಗಿಗಾಡಿಗೆ ಅಂತ ಇದರ ಪೇಟೆಂಟ್ ಪಡೆದಿದ್ದ. ಅದರ ದೌರ್ಬಲ್ಯ ಏನೆಂದರೆ ಎರಡು ಚಕ್ರಕ್ಕೂ ಒಂದೇ ಬಲ ಕೊಡುತ್ತದೆ. ಗಾಳಿಯಲ್ಲಿರುವ ಚಕ್ರವನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಬಲ ಸಿಗುವುದಿಲ್ಲ. ಮುಂದೊಂದು ಹಿಂದೊಂದು ಎದುರು ಮೂಲೆಯ ಚಕ್ರಗಳು ಎದ್ದರೆ ಫೋರ್ ವೀಲ್ ಗಾಡಿಯೂ ಕುರಿಯ ಹಾಗೆ ನಿಲ್ಲುತ್ತದೆ. ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಇರುವ ಜೀಪುಗಳಲ್ಲಿ ಹಳೆಯ ಚಾಲಕರು ಅದನ್ನು ಅರ್ಧ ಎಳೆದು ಡಿಫರೆನ್ಷಿಯಲ್ಲಿಗೇ ಮೋಸ ಮಾಡುತ್ತಿದ್ದರು. ತಿರುಗುವ ಚಕ್ರಕ್ಕೆ ಬ್ರೇಕಿನ ಭಾರ ಬಿದ್ದರೆ ಅಷ್ಟೇ ಬಲ ಆಚೆ ಚಕ್ರಕ್ಕೂ ಹೋಗುತ್ತದೆ. (ಮೂಲ ವಿಲ್ಲಿಸ್‌ನಲ್ಲಿ ಈ ಉಪಾಯ ನಡೆಯುವುದಿಲ್ಲ, ಅದರ ಹ್ಯಾಂಡ್‌ಬ್ರೇಕ್ ಇದ್ದದ್ದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟಿನಲ್ಲಿ.)

ಹೊಸ ಗಾಡಿಯಲ್ಲಿ ಇದೇ ಉಪಾಯವನ್ನು ಕಂಪ್ಯೂಟರು ಮಾಡುತ್ತದೆ. ಎಬಿಎಸ್ ಸೆನ್ಸರು ಯಾವ ಚಕ್ರ ಸುಮ್ಮನೆ ತಿರುಗುತ್ತಿದೆ ಅಂತ ನೋಡಿ ಅದಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಆಗ ಕೇಳುವುದೇ ಆ ಗರಗರ ಸದ್ದು. ಸದ್ದು ಕೇಳಿ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಕಂಪ್ಯೂಟರು ಕೂಡಾ ಕೈಬಿಡುತ್ತದೆ, ಗಾಡಿ ಮತ್ತೆ ಗುಂಡಿಗೆ. ಒಂದೇ ಸಮನೆ ಒತ್ತಿ ಹಿಡಿದು ಎರಡು ಮೂರು ಸೆಕೆಂಡ್ ಕಾಯಬೇಕು. ನಮ್ಮ ಹುಡುಗನಿಗೆ ಇದನ್ನು ಕಲಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು, ಸದ್ದು ಕೇಳಿದ ತಕ್ಷಣ ಕಾಲು ತಾನಾಗಿಯೇ ಮೇಲೆದ್ದು ಬಿಡುತ್ತದೆ.

ಹಳ್ಳದ ವಿಷಯ. ಎಂಜಿನ್ನಿಗೆ ನೀರು ಹೋದರೆ ಕೆಡುತ್ತದೆ ಅಂತ ಎಲ್ಲರಿಗೂ ಗೊತ್ತು, ಆಕ್ಸಲ್ ಬಗ್ಗೆ ಯೋಚಿಸುವವರು ಕಡಿಮೆ. ಒಂದು ಗಂಟೆ ಓಡಿದ ಹೌಸಿಂಗ್ ಬಿಸಿಯಾಗಿರುತ್ತದೆ. ತಣ್ಣನೆಯ ನೀರಿಗೆ ಇಳಿಸಿದ ತಕ್ಷಣ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳೆದುಕೊಳ್ಳುತ್ತದೆ. ಅದಕ್ಕೆ ಉಸಿರಾಡಲು ಒಂದು ಬ್ರೀದರ್ ಇರುತ್ತದೆ. ಅದು ಮಣ್ಣು ಮೆತ್ತಿ ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಸಂದಿಯಿಂದ ನೀರು ಒಳಗೆ ಹೋಗುತ್ತದೆ. ಯಾವ ಲೈಟೂ ಹತ್ತುವುದಿಲ್ಲ, ಯಾವ ಸದ್ದೂ ಬರುವುದಿಲ್ಲ. ತಿಂಗಳುಗಳ ನಂತರ ಬೇರಿಂಗ್ ಕೂಗಲು ಶುರುವಾದಾಗಲೇ ಗೊತ್ತಾಗುವುದು. ಹೌಸಿಂಗಿನ ಬೋಲ್ಟು ಬಿಚ್ಚಿ ಬೆರಳು ಹಾಕಿ ನೋಡಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ ಅಂತಲೇ. ಹಳ್ಳಕ್ಕೆ ಇಳಿಯುವ ಮುಂಚೆ ಐದು ನಿಮಿಷ ನಿಲ್ಲಿಸಿ ತಣಿಯಲು ಬಿಡಿ, ಬ್ರೀದರಿನ ಬಾಯಿ ಒರೆಸಿ. ಗಾಡಿ ಇದೆ ಅಂತ ಕಂಡ ಕಂಡ ಹೊಳೆಗೆ, ಶೋಲಾ ಹುಲ್ಲುಗಾವಲಿಗೆ ನುಗ್ಗುವವರಿಗೆ ಮಾತ್ರ ನಾನು ಯಾವ ಸಲಹೆಯನ್ನೂ ಕೊಡುವುದಿಲ್ಲ. ಅವರ ಆಯಿಲ್ ಕಾಫಿಯಾಗಲಿ.

ಇಷ್ಟು ಹೊತ್ತು ಹೇಳಿದ್ದೆಲ್ಲ ಹಳೆಯ ಕಾಲದ ಬಳುವಳಿ. ಒಂದು ಕಾಯಿಲೆ ಮಾತ್ರ ಅಪ್ಪಟ ಹೊಸದು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿ ಬಂತು. ಹಿಡಿದ ಮಸಿಯನ್ನು ಆಗಾಗ 600 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಅದೇ ಸುಟ್ಟುಕೊಳ್ಳಬೇಕು. ಆಗ ಐಡಲಿಂಗ್ ಏರುತ್ತದೆ, ಸುಟ್ಟ ವಾಸನೆ ಬರುತ್ತದೆ, ಮಧ್ಯದಲ್ಲಿ ಕೀ ತೆಗೆದರೆ ಫ್ಯಾನು ಓಡುತ್ತಲೇ ಇರುತ್ತದೆ. ಅದಕ್ಕೆ ಬೇಕಾದ ಬಿಸಿ ಸಿಗುವುದು ಹೈವೇಯಲ್ಲಿ ಇಪ್ಪತ್ತು ನಿಮಿಷ ಒಂದೇ ಸಮನೆ ಓಡಿದಾಗ. ಅಪ್ಪನ ಓಡಾಟ ಏನು? ಬೆಳಿಗ್ಗೆ ಡೇರಿಗೆ ಹಾಲು, ಮೂರು ಕಿಲೋಮೀಟರು, ಎರಡನೇ ಗೇರು, ವಾಪಸ್ಸು. ಆ ಜರಡಿಗೆ ಇದಕ್ಕಿಂತ ದೊಡ್ಡ ಶತ್ರು ಇಲ್ಲ. ಮತ್ತೆ ಮತ್ತೆ ಅರ್ಧಕ್ಕೇ ನಿಂತರೆ ಸುಡಲು ಚಿಮ್ಮಿಸಿದ ಡೀಸೆಲ್ ಎಂಜಿನ್ ಆಯಿಲಿಗೆ ಇಳಿದು ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರುತ್ತದೆ. ಆಯಿಲ್ ಕಡಿಮೆಯಾದರೆ ಹೆದರಬೇಕು ಅಂತ ಕಲಿತವರು ನಾವು, ಜಾಸ್ತಿಯಾದರೂ ಹೆದರಬೇಕು ಅಂತ ಸಾಬರಿಗೆ ನಾನು ಹೇಳಿಕೊಟ್ಟ ಒಂದೇ ಒಂದು ವಿಷಯ ಇದು. ಮಸಿ ಪೂರ್ತಿ ಕಟ್ಟಿಕೊಂಡರೆ ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನೇ ಕಟ್ಟಿ ಹಾಕುತ್ತದೆ. ಅದು ಯಾವ ರಾತ್ರಿ ಆಗಬಹುದು ಅಂತ ನೆನೆಸಿಕೊಂಡೇ ನನಗೆ ನಿದ್ದೆ ಬರಲಿಲ್ಲ. ಈಗ ವಾರಕ್ಕೊಮ್ಮೆ ಹುಡುಗ ಗಾಡಿಯನ್ನು ಟಾರು ರಸ್ತೆಯಲ್ಲಿ ಶಿವಮೊಗ್ಗದ ದಿಕ್ಕಿಗೆ ಅರ್ಧ ಗಂಟೆ ಓಡಿಸಿಕೊಂಡು ಬರಬೇಕು ಅಂತ ಕಟ್ಟಪ್ಪಣೆ. ಅಮ್ಮ ಅದೇ ನೆಪದಲ್ಲಿ ಪೇಟೆಯ ಸಾಮಾನು ತರಿಸಿಕೊಳ್ಳುತ್ತಾಳೆ. ಇನ್ನೊಂದು, ಸುಡುವಾಗ ಗಾಡಿಯನ್ನು ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ.

ಯುದ್ಧಕಾಲದ ವಿಲ್ಲಿಸ್‌ನಲ್ಲಿ ನನಗೆ ಬಹಳ ಇಷ್ಟವಾದ ಒಂದು ಸಂಗತಿ ಇದೆ. ಅದರ ಹೆಡ್‌ಲೈಟುಗಳನ್ನು ಒಂದು ತಿರುಪು ಸಡಿಲಿಸಿ ಹಿಂದಕ್ಕೆ ಮಗುಚಬಹುದಿತ್ತು. ಕತ್ತಲಲ್ಲಿ ಗಾಡಿ ಕೆಟ್ಟರೆ ಬಾನೆಟ್ ಎತ್ತಿ, ದೀಪವನ್ನು ಎಂಜಿನ್ನಿನ ಕಡೆಗೇ ತಿರುಗಿಸಿಕೊಂಡು ರಿಪೇರಿ ಮಾಡುವುದು. ನನ್ನ ಗಾಡಿಯ ಬಾನೆಟ್ ಎತ್ತಿದರೆ ಪ್ಲಾಸ್ಟಿಕ್ ಮುಚ್ಚಳ ಬಿಟ್ಟು ಏನೂ ಕಾಣುವುದಿಲ್ಲ. ಅದರ ಬದಲು ಸ್ಟೀರಿಂಗಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಬ್ಲೂಟೂತ್ ರೀಡರ್ ತಂದಿಟ್ಟಿದ್ದೇನೆ. ಹುಡುಗ ಅದರಲ್ಲಿ ಬರುವ ಎರರ್ ಕೋಡಿನ ಫೋಟೋ ಕಳಿಸುತ್ತಾನೆ, ನಾನು ಬೆಂಗಳೂರಿನಲ್ಲಿ ಕೂತು ಓದಿ ಹೇಳುತ್ತೇನೆ. ನೆಟ್‌ವರ್ಕ್ ಸಿಗಲು ಅವನು ಗುಡ್ಡದ ಮೇಲಿನ ಗೇರು ಮರದ ಹತ್ತಿರ ಹೋಗಬೇಕು.

ನಿನ್ನೆ ಬಂದ ಫೋಟೋದಲ್ಲಿ ಯಾವ ಕೋಡೂ ಇರಲಿಲ್ಲ. ಆದರೆ ಈ ವಾರ ಮಳೆ ಜೋರು, ಹಳ್ಳದ ನೀರು ಹಬ್‌ವರೆಗೆ ಬಂದಿದೆಯಂತೆ. ಭಾನುವಾರ ಊರಿಗೆ ಹೋದಾಗ ಎರಡೂ ಹೌಸಿಂಗ್ ಬಿಚ್ಚಿ ಆಯಿಲ್ ನೋಡಬೇಕು. ಸಾಬರಿಗೆ ಹೇಳಿಟ್ಟಿದ್ದೇನೆ.